ಕೊಕ್ಕೆಯಲ್ಲಿ ತೂಗುವ ಹೆಸರು

ತನ್ನ ಹೆಸರನ್ನು ಎಡಗೈಯಲ್ಲಿ ಬರೆಯುವುದು ಇಷ್ಟೊಂದು ಕಷ್ಟವೆಂದು ನೋಲೀನ್‌ಗೆ ಗೊತ್ತಿರಲಿಲ್ಲ. ಆಫೀಸಿನ ಹಿಂದಿನ ನೀಲಗಿರಿ ಮರದ ನೆರಳಿನಲ್ಲಿ ಕಾರು ನಿಲ್ಲಿಸಿಕೊಂಡು, ಪೊಟ್ಟಣವನ್ನು ಸ್ಟೀರಿಂಗಿಗೆ ಆನಿಸಿ, ಅದಕ್ಕೆ ಅಂಟಿಸಿದ ಚೀಟಿಯ ಮೇಲೆ ಒಂದೊಂದೇ ಅಕ್ಷರ ಕೊರೆಯುತ್ತಿದ್ದಳು. ಬಲಗೈಯಲ್ಲಿ ಬರೆದರೆ ಕಥೆ ಮುಗಿದಂತೆಯೇ. ಮಿಲ್ಡುರಾದಿಂದ ಹೊರಡುವ ಒಣದ್ರಾಕ್ಷಿಯ ಪೆಟ್ಟಿಗೆಗಳ ಮೇಲೆ ಎಷ್ಟೋ ವರ್ಷಗಳಿಂದ ಊರುಕೇರಿ ಬರೆದ ಕೈ ಅದು, ಗೋದಾಮಿನ ಬೆಕ್ಕೂ ಗುರುತು ಹಿಡಿದೀತು. ಈ ದಕ್ಷಿಣದ ದೇಶದಲ್ಲಿ ಡಿಸೆಂಬರೇ ಬೇಸಿಗೆ, ಬೆಳಗ್ಗೆಯೇ ಬಿಸಿಲು ಕಾರಿನ ಗಾಜಿಗೆ ಹಣೆಯೊತ್ತಿ ಒಳಗೆ ಇಣುಕುತ್ತಿತ್ತು. 'ಪ್ರೀತಿಯ ನೋಲೀನ್‌ಗೆ' ಎಂದು ಬರೆಯಲೇ ಎಂದು ಒಂದು ಗಳಿಗೆ ಯೋಚಿಸಿದಳು. ಯಾಕೋ ಅತಿಯಾಯಿತು ಅನಿಸಿತು. ತಮ್ಮಿಬ್ಬರ ನಡುವೆ ಅಷ್ಟೇನೂ ಸಲಿಗೆಯಿಲ್ಲ. ಬರೀ 'ನೋಲೀನ್‌ಗೆ' ಎಂದು ಬರೆದು, ಕೊನೆಯ ಅಕ್ಷರ ಕುಂಟುತ್ತಿರುವುದನ್ನು ನೋಡಿ, ಗಂಡಸಿನ ಕೈಬರಹದ ಹಾಗಿದೆ, ಇರಲಿ, ಒಳ್ಳೆಯದೇ ಆಯಿತು ಎಂದು ಸಮಾಧಾನ ಮಾಡಿಕೊಂಡಳು. ಆಮೇಲೆ ಕಾರಿನ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಯಾರದ್ದೋ ಮನೆಗೆ ಕನ್ನ ಹಾಕಿ ಬಂದವಳ ಮುಖ.

ಕದ್ದಿದ್ದಾದರೂ ಏನು? ಒಂದು ಚೀಟಿ. ಅದೂ ತನ್ನದೇ ಹೆಸರಿನದು. ಡಿಸೆಂಬರಿನ ಮೊದಲ ವಾರ ಟೀ ಕೋಣೆಯಲ್ಲಿ ಐಸ್‌ಕ್ರೀಮ್ ಡಬ್ಬಿ ಒಂದು ಸುತ್ತು ಬಂದಿತ್ತು. ಒಬ್ಬೊಬ್ಬರೂ ಕೈ ಹಾಕಿ ಒಂದೊಂದು ಚೀಟಿ ಎತ್ತಬೇಕು, ಚೀಟಿಯಲ್ಲಿ ಯಾರ ಹೆಸರಿದೆಯೋ ಅವರಿಗೆ ಗುಟ್ಟಾಗಿ ಒಂದು ಉಡುಗೊರೆ ತರಬೇಕು, ತನ್ನದೇ ಹೆಸರು ಬಂದರೆ ತಕ್ಷಣ ಹೇಳಿ ವಾಪಸು ಹಾಕಬೇಕು. ಕ್ರಿಸ್ ಕ್ರಿಂಗಲ್ ಎಂದರೆ ಇಷ್ಟೇ, ಮಕ್ಕಳಿಗೂ ಗೊತ್ತಿರುವ ಆಟ. ಈ ಆಫೀಸಿನಲ್ಲಿ ಮಾತ್ರ ಇನ್ನೊಂದು ಕಟ್ಟಳೆಯಿತ್ತು: ಕೊಟ್ಟವರು ಯಾರೆಂದು ಸತ್ತರೂ ಬಾಯಿ ಬಿಡಬಾರದು. ಹಿಂದೊಮ್ಮೆ ಯಾರೋ ಯಾರಿಗೋ ಬಾಯಿವಾಸನೆಯ ಔಷಧಿ ಕೊಟ್ಟು, ಯಾರು ಕೊಟ್ಟರೆಂದು ಗೊತ್ತಾಗಿ, ಈಸ್ಟರ್‌ವರೆಗೂ ಇಬ್ಬರೂ ಮಾತು ಬಿಟ್ಟಿದ್ದರಿಂದ ಮ್ಯಾನೇಜರ್ ಗ್ಲೆನಿಸ್ ತಂದ ಕಟ್ಟಳೆ ಅದು. ಡಬ್ಬಿ ತನ್ನ ಮುಂದೆ ಬಂದಾಗ ನೋಲೀನ್ ಎತ್ತಿದಳು, ಬಿಡಿಸಿದಳು, ತನ್ನ ಹೆಸರನ್ನೇ ಓದಿದಳು. ಬಾಯಿ ತೆರೆಯುವಷ್ಟರಲ್ಲಿ ಗ್ಲೆನಿಸ್, "ಯಾರ ಹೆಸರು ಬಂತು ಅಂತ ಮುಖದಲ್ಲಿ ತೋರಿಸ್ಬೇಡ್ರಪ್ಪ! ನೋಲೀನ್‌ಗೆ ಆ ಚಿಂತೆನೇ ಇಲ್ಲ ಬಿಡಿ, ಅವಳ ಮುಖ ಲಾಟರಿ ಹೊಡೆದ್ರೂ ಅಷ್ಟೇ, ಮನೆ ಸುಟ್ಟರೂ ಅಷ್ಟೇ," ಎಂದಳು. ಎಲ್ಲರೂ ನಕ್ಕರು. ಒಳ್ಳೆಯ ನಗುವೇ, ಯಾರ ಮನಸ್ಸಿನಲ್ಲೂ ವಿಷವಿರಲಿಲ್ಲ. ಆದರೆ ನೋಲೀನ್‌ಳ ಕೈ ಚೀಟಿಯನ್ನು ಮಡಚಿ ಜೇಬಿಗೆ ಹಾಕಿತು. ಕೈ ಹಾಗೆ ಮಾಡಿದ್ದನ್ನು ಅವಳು ನೋಡುತ್ತಾ ಕೂತಿದ್ದಳು. ಡಬ್ಬಿ ಮುಂದಕ್ಕೆ ಹೋಯಿತು, ಹೇಳುವ ಹೊತ್ತು ಮೀರಿತು.

ಮುಖದ ವಿಷಯ ಅವಳಿಗೇನೂ ಹೊಸದಲ್ಲ. ನಗು ಅವಳಿಗೂ ಬರುತ್ತದೆ, ಎಲ್ಲರಿಗಿಂತ ಹೆಚ್ಚೇ ಬರುತ್ತದೆ, ಆದರೆ ಒಳಗೇ ಎಲ್ಲೋ ಸುತ್ತಾಡಿ ಮುಖದವರೆಗೆ ತಲುಪದೆ ಸುಸ್ತಾಗಿ ಕೂರುತ್ತದೆ. ತುಟಿಯ ಎರಡೂ ಅಂಚುಗಳು ಹುಟ್ಟಿನಿಂದಲೇ ಕೆಳಗೆ ಜೋತಿವೆ. ಶಾಲೆಯ ಫೋಟೋ ತೆಗೆಯುವವನು, "ಆ ಹಿಂದಿನ ಸಾಲಿನ ಹುಡುಗಿ, ಯಾರು ಸತ್ರಮ್ಮ?" ಎಂದು ಕೇಳಿದ್ದ. ಈ ದೇಶದಲ್ಲಿ ಅಡ್ಡಹೆಸರು ಇಡುವ ರೀತಿಯೇ ತಲೆಕೆಳಗು. ಕೆಂಪು ಕೂದಲಿನವನು ನೀಲಿಯಾಗುತ್ತಾನೆ, ಉದ್ದನೆಯವನು ಗಿಡ್ಡನಾಗುತ್ತಾನೆ, ದ್ರಾಕ್ಷಿ ತೋಟಗಳ ಉಸ್ತುವಾರಿಯ ಕ್ಲಿಫ್‌ನ ತಲೆಯಲ್ಲಿ ಒಂದು ಎಳೆಯೂ ಇಲ್ಲವಾದ್ದರಿಂದ ಅವನು ಕರ್ಲಿ, ಗುಂಗುರುಗೂದಲಿನವನು. ಹಾಗೆಯೇ ನೋಲೀನ್ ಸ್ಮೈಲಿ, ನಗುಮೊಗದವಳು. ಇಟ್ಟವನು ಗೋದಾಮಿನ ಮರ್ವ್. ಅಗಲವಾದ ಬೆನ್ನು, ಅದಕ್ಕಿಂತ ಅಗಲವಾದ ನಗು, ಫೋರ್ಕ್‌ಲಿಫ್ಟ್ ಓಡಿಸುತ್ತಾ ಹಾಡುವವನು, ತನ್ನ ಜೋಕಿಗೆ ತಾನೇ ಮೊದಲು ನಗುವವನು. ಅವಳಿಗೆಂದು ಗೋದಾಮಿಗೆ ಫೋನು ಬಂದರೆ ಅಲ್ಲಿಂದಲೇ, "ಸ್ಮೈಲೀ, ಫೋನ್!" ಎಂದು ಕೂಗುತ್ತಾನೆ. ಆ ಕೂಗಿಗೆ ಅವಳು ಎದ್ದು ಹೋಗುತ್ತಾಳೆ. ಎದ್ದು ಹೋಗುವುದೇ ಒಪ್ಪಿಗೆಯ ಹಾಗಾಗಿಬಿಟ್ಟಿದೆ ಎಂಬುದು ಅವಳಿಗೆ ಗೊತ್ತು, ಆದರೆ ಫೋನು ತೆಗೆದುಕೊಳ್ಳದೆ ಇರಲಾದೀತೇ?

ಕೂಗಿದರೆ ಕೂಗಲಿ, ಗಾಳಿಗೆ ಹೋಯಿತು ಎನ್ನಬಹುದಿತ್ತು. ಹೋದ ವರ್ಷದ ಕ್ರಿಸ್ ಕ್ರಿಂಗಲ್ ಅದನ್ನು ಸುಟ್ಟ ಮಣ್ಣಿನ ಮೇಲೆ ಕೂರಿಸಿಬಿಟ್ಟಿತು. ಪೊಟ್ಟಣ ಬಿಚ್ಚಿದರೆ ಹಳದಿ ಬಣ್ಣದ ದಪ್ಪ ಮಗ್ಗು, ಅದರ ಹೊಟ್ಟೆಯ ಮೇಲೆ ಕೆಂಪು ಅಕ್ಷರದಲ್ಲಿ 'ಸ್ಮೈಲಿ'. ಕೋಣೆಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮನೆಗೆ ಒಯ್ದರೆ ಸಿಟ್ಟು ಮಾಡಿಕೊಂಡಳು ಎನ್ನುತ್ತಾರೆ, ಒಡೆದರೆ ಬೇಕೆಂದೇ ಒಡೆದಳು ಎನ್ನುತ್ತಾರೆ. ಟೀ ಕೋಣೆಯ ಗೋಡೆಯಲ್ಲಿ ಹೆಸರು ಅಂಟಿಸಿದ ಮಗ್ಗುಗಳನ್ನು ತೂಗುಹಾಕುವ ಕೊಕ್ಕೆಗಳಿದ್ದವು. 'ನೋಲೀನ್' ಎಂದಿದ್ದ ತನ್ನ ಹಳೆಯ ಬಿಳಿ ಮಗ್ಗಿನ ಪಕ್ಕದಲ್ಲೇ ಅದನ್ನೂ ತೂಗುಹಾಕಿ ಟೀಯನ್ನು ಬಿಳಿಯದರಲ್ಲೇ ಕುಡಿಯುತ್ತಾ ಬಂದಳು. ಒಂದಿಡೀ ವರ್ಷ ಕೊಟ್ಟವರು ಯಾರೆಂದು ಹುಡುಕಿದ್ದಳು. ಫೆಬ್ರುವರಿ, ಮಾರ್ಚಿನ ಸುಗ್ಗಿಯಲ್ಲಿ ಗ್ಲೆನಿಸ್ ಮೇಲೆ ಅನುಮಾನವಿತ್ತು. ಅವಳು ಚೆನ್ನಾಗಿ ಮಾತಾಡಿಸಿದಾಗಲೆಲ್ಲ, ಓಹೋ, ಮನಸ್ಸು ಚುಚ್ಚುತ್ತಿದೆ ಎಂದುಕೊಳ್ಳುತ್ತಿದ್ದಳು. ಚಳಿಗಾಲದಲ್ಲಿ ಅನುಮಾನ ಕ್ಲಿಫ್‌ನ ಕಡೆ ತಿರುಗಿತು, ಅವನು ಒಮ್ಮೆ ಆ ಮಗ್ಗನ್ನು ಎತ್ತಿ ತಳ ನೋಡಿದ್ದನೆಂಬ ಒಂದೇ ಕಾರಣಕ್ಕೆ. ಹೀಗೆ ಎಲ್ಲರ ಮೇಲೂ ಸರದಿಯಂತೆ ಸಿಟ್ಟು ಮಾಡಿಕೊಂಡು, ಎಲ್ಲರನ್ನೂ ಸರದಿಯಂತೆ ಕ್ಷಮಿಸಿ, ಡಿಸೆಂಬರ್ ಬರುವಷ್ಟರಲ್ಲಿ ಅವಳಿಗೆ ಸಾಕಾಗಿತ್ತು. ಒಂದು ವರ್ಷವಾದರೂ ತನ್ನನ್ನು ಬಲ್ಲವರು ಯಾರೋ ತನಗಾಗಿ ಆರಿಸಿದ ಒಂದು ವಸ್ತು ಬೇಕಿತ್ತು. ಅಂಥವರು ಯಾರೂ ಇಲ್ಲದಿದ್ದರೆ ತಾನೇ ಇದ್ದೇನಲ್ಲ.

ಲ್ಯಾಂಗ್‌ಟ್ರೀ ಬೀದಿಯ ಹಳೇ ಸಾಮಾನಿನ ಅಂಗಡಿಯಲ್ಲಿ ಅದು ಕಣ್ಣಿಗೆ ಬಿದ್ದಿತ್ತು. ಒಂದು ಕಪ್ಪು, ಒಂದು ಸಾಸರು. ಬೆಳಕಿಗೆ ಹಿಡಿದರೆ ಆಚೆಯ ಬೆರಳು ಕಾಣುವಷ್ಟು ತೆಳ್ಳಗಿನ ಪಿಂಗಾಣಿ, ಅಂಚಿನಲ್ಲಿ ಸಣ್ಣ ಸಣ್ಣ ಗುಲಾಬಿ. ಮುಖ್ಯವಾಗಿ, ಅದರ ಮೇಲೆ ಯಾವ ಹೆಸರೂ ಇರಲಿಲ್ಲ. ಅಂಗಡಿಯಲ್ಲಿ ಸೇವೆಯೆಂದು ಪುಕ್ಕಟೆ ದುಡಿಯುವ ಮುದುಕಿ ಅದನ್ನು ಹಳೇ ಪೇಪರಿನಲ್ಲಿ ಸುತ್ತುತ್ತಾ, "ಯಾರಿಗಮ್ಮಾ ಇದು?" ಎಂದಳು.

"ಆಫೀಸಲ್ಲಿ ಒಬ್ಬಳಿಗೆ."

"ಒಳ್ಳೇ ಹೆಂಗಸಾ?"

ನೋಲೀನ್ ಸ್ವಲ್ಪ ಯೋಚಿಸಿ, "ಅಷ್ಟಕ್ಕಷ್ಟೇ," ಎಂದಳು.

"ಅಷ್ಟಕ್ಕಷ್ಟೇ ಇರೋರಿಗೆ ಇಷ್ಟು ಚೆಂದದ್ದು ಕೊಡ್ತೀಯಲ್ಲ ಮಾರಾಯ್ತಿ, ನಿನ್ನದು ದೊಡ್ಡ ಮನಸ್ಸು," ಎಂದು ಮುದುಕಿ ರಿಬ್ಬನ್ನೊಂದನ್ನು ಸುಮ್ಮನೇ ಸೇರಿಸಿದ್ದಳು. ದೊಡ್ಡ ಮನಸ್ಸಿನ ಆ ಮಾತು ಕಾರಿನಲ್ಲಿ ಮನೆಯವರೆಗೂ ಜೊತೆಗೆ ಬಂದಿತ್ತು. ಈಗಲೂ, ಪೊಟ್ಟಣವನ್ನು ಚೀಲದ ತಳಕ್ಕೆ ತಳ್ಳಿ ಟೀ ಕೋಣೆಯ ಬಾಗಿಲು ದೂಡುವಾಗ, ಕಿವಿಯಲ್ಲಿ ಅದೇ ಇತ್ತು. ಮೂಲೆಯ ಪ್ಲಾಸ್ಟಿಕ್ ಮರದ ಕೆಳಗೆ ಗೋಣಿಚೀಲವೊಂದು ಬಾಯಿ ತೆರೆದು ಕೂತಿತ್ತು. ಯಾರೂ ಇಲ್ಲದ್ದು ನೋಡಿ ಅವಳು ಪೊಟ್ಟಣವನ್ನು ಅದರೊಳಗೆ ಇಳಿಬಿಟ್ಟಳು.

"ಬಂದ್ಯಾ ಅಕ್ಕಾ!" ಎಂದು ಬೆನ್ನ ಹಿಂದೆ ಮರಿಸೆಲ್‌ಳ ಧ್ವನಿ ಕೇಳಿದಾಗ ಮರದ ಕೊಂಬೆ ಸರಿಮಾಡುವವಳಂತೆ ಕೈ ಚಾಚಿದಳು. ಮರಿಸೆಲ್ ಮುಂದಿನ ಕೌಂಟರಿಗೆ ಬಂದು ಇನ್ನೂ ತಿಂಗಳೊಪ್ಪತ್ತು. ಫಿಲಿಪೀನ್ಸಿನ ಸೆಬುವಿನವಳು, ತನ್ನ ಊರಿನ ವಾಡಿಕೆಯಂತೆ ತನಗಿಂತ ದೊಡ್ಡವರನ್ನೆಲ್ಲ ಅಕ್ಕ, ಅಣ್ಣ ಎಂದೇ ಕರೆಯುವವಳು. ಅವರ ಕಡೆ ಸೆಪ್ಟೆಂಬರಿನಿಂದಲೇ ಕ್ರಿಸ್‌ಮಸ್ ಶುರುವಂತೆ. ಇಲ್ಲಿಯವರ ಉದಾಸೀನ ನೋಡಲಾರದೆ ಚೀಟಿ ಬರೆಯುವುದರಿಂದ ಹಿಡಿದು ನಕ್ಷತ್ರ ಕಟ್ಟುವವರೆಗೆ ಎಲ್ಲವನ್ನೂ ತಾನೇ ಮೈಮೇಲೆ ಹಾಕಿಕೊಂಡಿದ್ದಳು. "ಎಲ್ಲಾ ಉಡುಗೊರೆ ಬಂತು ಅಕ್ಕಾ, ಒಂದೂ ಕಮ್ಮಿ ಇಲ್ಲ. ನಂಗೆ ರಾತ್ರಿಯೆಲ್ಲಾ ನಿದ್ದೆ ಇಲ್ಲ ನೋಡು, ಯಾರಾದ್ರೂ ಮರೆತು ಬಂದ್ರೆ ಏನಪ್ಪಾ ಗತಿ ಅಂತ. ಹೊಸಬಳ ಕೈಗೆ ಕೊಟ್ಟಿದ್ದಕ್ಕೇ ಹೀಗಾಯ್ತು ಅಂತಾರಲ್ವಾ?"

"ಯಾರೂ ಹಾಗನ್ನಲ್ಲ," ಎಂದಳು ನೋಲೀನ್, ಯಾರಾದರೂ ಹಾಗೆ ಅಂದೇ ಅನ್ನುತ್ತಾರೆಂದು ಗೊತ್ತಿದ್ದೂ.

ಮಧ್ಯಾಹ್ನದ ಊಟಕ್ಕೆ ತಣ್ಣನೆಯ ಹ್ಯಾಮು, ಮಂಜುಗಡ್ಡೆಯ ಮೇಲೆ ಮಲಗಿದ ಸಿಗಡಿ, ಗ್ಲೆನಿಸ್ ಮಾಡಿ ತಂದ ಪಾವ್ಲೋವ. ಸಕ್ಕರೆಯ ಆ ಗೋಪುರ ಸೆಕೆಗೆ ಒಂದು ಕಡೆ ಕುಸಿಯುತ್ತಿತ್ತು. ಗೋಡೆಯ ಕೂಲರು ಒದ್ದೆ ಗೋಣಿಯ ವಾಸನೆಯ ಗಾಳಿಯನ್ನು ಊದುತ್ತಿತ್ತು. ಇಬ್ಬಿಬ್ಬರು ಎರಡು ಕಡೆ ಹಿಡಿದು ಬಾನ್‌ಬಾನ್ ಎಂಬ ಕಾಗದದ ಕೊಳವೆಗಳನ್ನು ಎಳೆದಾಗ ಟಪ್ ಟಪ್ ಎಂದು ಸಿಡಿದು ಕಾಗದದ ಕಿರೀಟಗಳು ಬಿದ್ದವು. ಎಲ್ಲರೂ ಹಾಕಿಕೊಂಡರು, ಬೆವರಿಗೆ ಬಣ್ಣ ಹಣೆಗೆ ಹತ್ತಿತು. ಕ್ಲಿಫ್‌ನ ಬೋಳುತಲೆಯ ಮೇಲೆ ಕಿರೀಟ ನಿಲ್ಲದೆ ಮತ್ತೆ ಮತ್ತೆ ಕಿವಿಗೆ ಜಾರುತ್ತಿತ್ತು. ಮರ್ವ್ ಬಾನ್‌ಬಾನಿನೊಳಗಿನ ಜೋಕುಗಳನ್ನು ಒಂದೂ ಬಿಡದೆ ಓದಿ, ಉತ್ತರಕ್ಕೆ ಮುಂಚೆಯೇ ತಾನೇ ನಕ್ಕು, ತನ್ನ ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಸುರಿದುಕೊಂಡು ಕುಡಿಯುತ್ತಿದ್ದ. ಆ ಮುಚ್ಚಳವನ್ನು ನೋಲೀನ್ ವರ್ಷಗಟ್ಟಲೆ ನೋಡಿದ್ದಳು. ಇಂದೂ ನೋಡಿದಳು, ಅಷ್ಟೇ. ಅವಳ ಕಣ್ಣೆಲ್ಲ ಗೋಣಿಚೀಲದ ಮೇಲಿತ್ತು. ಬಿಚ್ಚುವಾಗ ಏನು ಹೇಳಬೇಕು? 'ಅಯ್ಯೋ, ಯಾರಪ್ಪಾ ಇಷ್ಟು ಚೆನ್ನಾಗಿರೋದು ಕೊಟ್ಟಿದ್ದು' ಎಂದರೆ ಜಾಸ್ತಿಯಾಯಿತು. 'ಪರವಾಗಿಲ್ಲ' ಎಂದರೆ ಕೊಟ್ಟವಳಿಗೆ ಬೇಸರವಾಗುತ್ತದೆ. ಈ ಕೊನೆಯ ಯೋಚನೆ ಬಂದ ಮೇಲೆ ಅವಳಿಗೆ ತನ್ನ ಬಗ್ಗೆಯೇ ಸ್ವಲ್ಪ ಗಾಬರಿಯಾಯಿತು.

ಹಂಚುವುದು ಪ್ರತಿ ವರ್ಷವೂ ಮರ್ವ್‌ನ ಕೆಲಸ. ಕಾಗದದ ಕಿರೀಟದ ಮೇಲೆಯೇ ಸಾಂತಾ ಟೋಪಿ ಸಿಕ್ಕಿಸಿಕೊಂಡು, ಗೋಣಿಯ ಮುಂದೆ ಮುಕ್ಕಾಲಿ ಎಳೆದು ಕೂತು, ಒಂದೊಂದನ್ನೇ ಎತ್ತಿ ಅಲ್ಲಾಡಿಸಿ ಹೆಸರು ಕೂಗುತ್ತಿದ್ದ. ಎಲ್ಲರ ಕೈಗೂ ತಲುಪಿದ ಮೇಲೆ ಒಟ್ಟಿಗೆ ಬಿಚ್ಚಬೇಕೆಂಬುದು ರೂಢಿ. ಗ್ಲೆನಿಸ್‌ಗೆ ಬಂತು, ಕರ್ಲಿಗೆ ಬಂತು, ಮರಿಸೆಲ್‌ಗೆ ಬಂತು. "ನೋಲೀನ್!" ಎಂದು ಕೂಗಿ ಮರ್ವ್ ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು, "ಇದ್ಯಾವ ಕೋಳಿ ಬರೆದಿದ್ದಪ್ಪಾ!" ಎಂದ. ಎಲ್ಲರೂ ನಕ್ಕರು. ನೋಲೀನ್ ಪೊಟ್ಟಣವನ್ನು ಮಡಿಲಿಗೆ ತೆಗೆದುಕೊಂಡಳು. ಮುಗಿಯಿತು, ದಡ ಸೇರಿದೆ ಎಂದು ಒಳಗೆಲ್ಲೋ ನಗು ಎದ್ದು ಓಡಾಡತೊಡಗಿತು. ಗ್ರೇಡಿಂಗ್ ವಿಭಾಗದ ಇನ್ನಿಬ್ಬರಿಗೂ ಹಂಚಿ, ಮರ್ವ್ ಕೊನೆಯ ಪೊಟ್ಟಣ ಎತ್ತಿದ.

"ಸ್ಮೈಲಿ!"

ಅದನ್ನು ಅವಳ ಮಡಿಲಿನಲ್ಲಿಟ್ಟು, ಅಲ್ಲಿ ಆಗಲೇ ಇನ್ನೊಂದು ಇರುವುದನ್ನು ನೋಡಿ, "ಅಲೆಲೆಲೆ, ಇವಳಿಗೆ ಎರಡು!" ಎಂದ. ತಿರುಗಿ ಬಂದು ಗೋಣಿಯೊಳಗೆ ಕೈ ಹಾಕಿದ. ಕೈ ಮೊಣಕೈವರೆಗೆ ಹೋಯಿತು, ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು, ಬರಿಗೈಯಾಗಿ ಹೊರಗೆ ಬಂತು. ಉಳಿದವರು ರಿಬ್ಬನ್ ಎಳೆಯುವ ಗಡಿಬಿಡಿಯಲ್ಲಿದ್ದರು. ನೋಲೀನ್ ಮಾತ್ರ ಆ ಕೈಯನ್ನು ನೋಡಿದಳು. ಮರ್ವ್ ಗೋಣಿಯನ್ನು ಕೊಡವಿ, ಮಡಚಿ, ಮುಕ್ಕಾಲಿಯ ಕೆಳಗಿಟ್ಟು, ಕೈಯನ್ನು ಎಲ್ಲಿಡುವುದೆಂದು ತೋಚದೆ ತೊಡೆಯ ಮೇಲೆ ಇಟ್ಟುಕೊಂಡ. ನಗು ಮುಖದ ಮೇಲೆ ಹಾಗೇ ಇತ್ತು. ತೆಗೆಯಲು ಮರೆತ ಟೋಪಿಯ ಹಾಗೆ.

"ಎರಡಾ? ಎರಡು ಹೇಗೆ ಬರುತ್ತೆ?" ಮರಿಸೆಲ್ ಎದ್ದು ನಿಂತಿದ್ದಳು. ಅವಳ ಮುಖ ಬಿಳಿಚಿತ್ತು. "ಸ್ಮೈಲಿ ಅಂದ್ರೆ ನೋಲೀನ್ ಅಕ್ಕಾನಾ?"

"ಮತ್ತೆ? ಊರಿಗೆಲ್ಲಾ ಗೊತ್ತು," ಎಂದ ಕ್ಲಿಫ್.

"ಹಾಗಾದ್ರೆ... ಯಾರಿಗೋ ಬಂದಿಲ್ಲ. ಯಾರಿಗೆ ಬಂದಿಲ್ಲ? ಅಯ್ಯೋ ದೇವ್ರೇ, ಯಾರಿಗೆ?"

"ಎಲ್ಲರಿಗೂ ಬಂದಿದೆ ಕಣಮ್ಮಾ, ಕೂತ್ಕೋ," ಎಂದ ಮರ್ವ್ ಸರಕ್ಕನೆ. "ನಂದು ನಾನು ಬೆಳಗ್ಗೆನೇ ಎತ್ಕೊಂಡೆ. ಗಾಡೀಲಿದೆ, ಐಸ್ ಪೆಟ್ಟಿಗೇಲಿ. ಬಿಯರು ಅಂತ ಕಾಣುತ್ತೆ, ಈ ಸೆಕೆಗೆ ಕೆಡಬಾರದಲ್ಲ."

"ಬಿಯರು ಕೆಡುತ್ತೇನೋ?" ಎಂದ ಕ್ಲಿಫ್.

"ನಿನ್ನ ಕೈಗೆ ಸಿಕ್ಕಿದ್ರೆ ಕೆಡುತ್ತೆ."

ಎಲ್ಲರೂ ನಕ್ಕು ರಿಬ್ಬನ್ನಿಗೆ ಮರಳಿದರು. ಮರಿಸೆಲ್ ಕೂತು ಉಸಿರುಬಿಟ್ಟಳು. ಅದು ಸುಳ್ಳೆಂದು ಇಡೀ ಕೋಣೆಯಲ್ಲಿ ಗೊತ್ತಿದ್ದವರು ಇಬ್ಬರು, ಹೇಳಿದವನು ಮತ್ತು ನೋಲೀನ್. ಚೀಟಿ ಎತ್ತಿದ ದಿನ ಅವಳು 'ನನ್ನದೇ ಬಂತು' ಎಂದು ಒಂದು ಮಾತು ಹೇಳಿದ್ದರೆ ಡಬ್ಬಿ ಮತ್ತೆ ಸುತ್ತುತ್ತಿತ್ತು, ಬೇರೆ ಯಾರೋ 'ನಂಗೂ ಸ್ಮೈಲಿನೇ ಬಂದಿದ್ದು' ಎನ್ನುತ್ತಿದ್ದರು, ಒಬ್ಬಳಿಗೇ ಎರಡು ಚೀಟಿಯೆಂಬ ತಪ್ಪು ಅಲ್ಲಿಗೇ ಸಿಕ್ಕಿಬೀಳುತ್ತಿತ್ತು. ಹೇಳಲಿಲ್ಲ. ಆ ಕೈ ಗೋಣಿಯ ತಳದಲ್ಲಿ ತಡಕಾಡಿದ್ದು ತನ್ನಿಂದ. ಹಾಗೇ ಆಗಬೇಕು ಅವನಿಗೆ, ಎಂದಿತು ಮನಸ್ಸಿನ ಒಂದು ಮೂಲೆ. ಇಷ್ಟು ವರ್ಷ ಊರಿಗೆ ಕೇಳುವ ಹಾಗೆ ಸ್ಮೈಲಿ ಸ್ಮೈಲಿ ಎಂದು ಕೂಗಿದನಲ್ಲ, ಇವತ್ತೊಂದು ದಿನ ಅವನ ನಗುವೂ ಸ್ವಲ್ಪ ಜೋತುಬೀಳಲಿ. ಆದರೆ ಅದು ಬೀಳುತ್ತಿರಲಿಲ್ಲ, ಅದೇ ತೊಂದರೆ. ಅವನು ಮಡಚಿದ ಗೋಣಿಯನ್ನು ಕಾಲಿನಿಂದ ಇನ್ನಷ್ಟು ಹಿಂದಕ್ಕೆ ತಳ್ಳಿ, ಬೇರೆಯವರ ಪೊಟ್ಟಣಗಳನ್ನು ನೋಡುತ್ತಾ, "ಏನ್ ಬಂತು, ಏನ್ ಬಂತು" ಎಂದು ಕೇಳುತ್ತಿದ್ದ. ಶಾಲೆಯ ಫೋಟೋದ ದಿನ ಅವಳೂ ಹೀಗೇ ಎಲ್ಲರ ಫೋಟೋ ಚೆನ್ನಾಗಿದೆ, ಚೆನ್ನಾಗಿದೆ ಎನ್ನುತ್ತಾ ಓಡಾಡಿದ್ದಳು. ಮಡಿಲಲ್ಲಿದ್ದ ಕಪ್ಪು-ಸಾಸರಿನ ಪೊಟ್ಟಣ ಕಲ್ಲಿನಷ್ಟು ಭಾರವಾಗಿತ್ತು. ನಾಚಿಕೆಯಾಯಿತು, ಸುಮ್ಮನೆ, ನೇರವಾಗಿ, ನಾಚಿಕೆ.

"ಇದು ಮರ್ವ್‌ದು," ಎಂದಳು ಅದನ್ನು ಎತ್ತಿ ಹಿಡಿದು, ಅಂದುಕೊಂಡದ್ದಕ್ಕಿಂತ ಜೋರಾಗಿ.

ರಿಬ್ಬನ್ನುಗಳ ಸದ್ದು ನಿಂತಿತು. "ನಾನೇ ತಂದಿದ್ದು. ಮರ್ವ್‌ಗೆ ಅಂತ. ಮೇಲೆ ಹೆಸರು ಬರೀವಾಗ... ತಗೊಳ್ಳೋರ ಹೆಸರು ಬರೆಯೋ ಬದಲು ಕೊಡೋರ ಹೆಸರು ಬರೆದ್ಬಿಟ್ಟೆ. ಎಲ್ಲೋ ಜ್ಞಾನ."

ಗ್ಲೆನಿಸ್ ಹಣೆ ಚಚ್ಚಿಕೊಂಡಳು. "ಕೊಟ್ಟವರು ಯಾರು ಅಂತ ಹೇಳಬಾರದು ಅಂತ ಬಡ್ಕೊಳ್ತೀನಿ, ಇವಳು ಪೊಟ್ಟಣದ ಮೇಲೇ ಬರೀತಾಳೆ!"

ಕ್ಲಿಫ್ ಬಗ್ಗಿ ಚೀಟಿ ನೋಡಿ, "ಇದು ನಿನ್ನ ಅಕ್ಷರಾನೇ ಅಲ್ವಲ್ಲೇ," ಎಂದ.

"ಕೈ ನೋಯ್ತಿತ್ತು."

"ಅದಿರ್ಲಿ, ಮರ್ವ್‌ದು ಗಾಡೀಲಿದೆ ಅಂದ್ನಲ್ಲ? ಐಸ್ ಪೆಟ್ಟಿಗೇಲಿ?"

ಈಗ ಎಲ್ಲರೂ ಮರ್ವ್‌ನ ಕಡೆ ತಿರುಗಿದರು. ಮರ್ವ್ ನೋಲೀನ್‌ಳ ಕಡೆ ತಿರುಗಿದ. ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಅವನ ಕಣ್ಣು ಹೇಳಿತು. ನೀನೇನು ಕಮ್ಮಿಯಾ ಎಂದು ಅವಳ ಕಣ್ಣು ಹೇಳಿತು. ಇಷ್ಟು ವರ್ಷ ಒಂದೇ ಸೂರಿನಡಿ ದುಡಿದರೂ ಅವರಿಬ್ಬರು ಹೀಗೆ ನೇರ ನೋಡಿಕೊಂಡದ್ದು ಇರಲಿಲ್ಲ. "ಗಾಡೀಲಿರೋದು ನನ್ನ ಬುತ್ತಿ ಇರಬೇಕು," ಎಂದ ಮರ್ವ್ ಕೊನೆಗೆ. ಅವನು ಪೊಟ್ಟಣ ತೆಗೆದುಕೊಂಡು, ಆ ದಪ್ಪ ಬೆರಳುಗಳಿಂದ ಕಾಗದ ಹರಿಯದಂತೆ ಅಂಟನ್ನು ಎಬ್ಬಿಸಿ ಬಿಚ್ಚಿದ. ಗುಲಾಬಿಯ ಕಪ್ಪು ಅವನ ಅಂಗೈಯಲ್ಲಿ ಕೋಳಿಮೊಟ್ಟೆಯಷ್ಟು ಕಂಡಿತು.

ಕೋಣೆ ಬಿದ್ದು ಬಿದ್ದು ನಕ್ಕಿತು. ಕ್ಲಿಫ್‌ನ ಕಿರೀಟ ಪಾವ್ಲೋವದ ಮೇಲೆ ಬಿತ್ತು. "ಮಹಾರಾಣಿಯವರು ಕಿರುಬೆರಳು ಎತ್ತಿ ಕುಡೀಬೇಕು!" ಎಂದು ಯಾರೋ ಕೂಗಿದರು. ಮರ್ವ್ ನಗಲಿಲ್ಲ. ಹಿಡಿಯೊಳಗೆ ಬೆರಳು ತೂರಿಸಲು ನೋಡಿದ, ಉಗುರಷ್ಟೇ ಹೋಯಿತು. "ನಂಗೆ ಇಲ್ಲಿ ಕಪ್ಪೇ ಇರಲಿಲ್ಲ," ಎಂದ. ಯಾರಿಗೂ ದೂರು ಹೇಳುವವನಂತೆ ಅಲ್ಲ. ಆಗಷ್ಟೇ ತನಗೂ ಹೊಳೆದವನಂತೆ.

"ಅದಕ್ಕೇ!" ಮರಿಸೆಲ್ ಚೀರಿದಳು. "ಅದಕ್ಕೇ ಆಗಿದ್ದು! ನಂಗೆ ಯಾರ ಹೆಸರೂ ಸರಿಯಾಗಿ ಗೊತ್ತಿರಲಿಲ್ಲ, ಆ ಕೊಕ್ಕೆ ಮೇಲಿನ ಮಗ್ಗು ನೋಡ್ಕೊಂಡು ಚೀಟಿ ಬರೆದೆ. ಕರ್ಲಿ ಯಾರು ಅಂತ ಕೇಳ್ದೆ, ಹೇಳಿದ್ರು. ಸ್ಮೈಲಿ ಯಾರು ಅಂತ ಕೇಳಲೇ ಇಲ್ಲ, ಕೇಳೋದೇನಿದೆ! ಗೋದಾಮಿನ ಕಡೆಯಿಂದ ದಿನಾ ಕೇಳಿಸುತ್ತಲ್ಲ ಆ ಹೆಸರು, ಅಲ್ಲಿ ಯಾವಾಗಲೂ ನಗ್ತಾ ಇರೋರು ಮರ್ವ್ ಅಣ್ಣ. ನಮ್ಮೂರಲ್ಲಿ ಅಡ್ಡಹೆಸರು ಇದ್ದದ್ದನ್ನೇ ಹೇಳುತ್ತಪ್ಪಾ, ಇಲ್ಲದ್ದನ್ನಲ್ಲ! ಮರ್ವ್ ಅಂತ ನಾನು ಚೀಟೀನೇ ಬರೆದಿಲ್ಲ..."

ಅಷ್ಟು ಹೇಳುವಷ್ಟರಲ್ಲಿ ಅವಳ ಮಾತೂ ಅರ್ಧಕ್ಕೇ ಕಡಿದುಹೋಯಿತು. ಮರ್ವ್ ಎಂಬ ಚೀಟಿಯೇ ಇಲ್ಲದಿದ್ದರೆ ನೋಲೀನ್‌ಗೆ ಅದು ಬಂದದ್ದು ಹೇಗೆ? ಒಬ್ಬೊಬ್ಬರ ಮುಖದಲ್ಲೂ ಲೆಕ್ಕ ಕೂಡಿಬರುವುದು ನೋಲೀನ್‌ಗೆ ಕಾಣುತ್ತಿತ್ತು; ಗ್ಲೆನಿಸ್‌ಗೆ ಮೊದಲು, ಕ್ಲಿಫ್‌ಗೆ ಕೊನೆಗೆ. ನೆಲ ಬಾಯಿಬಿಡಲಿ ಎಂದುಕೊಂಡಳು. ಬಿಡಲಿಲ್ಲ, ಸಿಮೆಂಟಿನ ನೆಲ.

"ಹಾಗಾದ್ರೆ ನಿಂಗೆ ಬಂದಿದ್ದು ಯಾರು?" ಎಂದಳು ಗ್ಲೆನಿಸ್, ಅವಳಿಗೆ ಒಗ್ಗದ ಮೆತ್ತಗಿನ ದನಿಯಲ್ಲಿ.

"ನಾನೇ," ಎಂದಳು ನೋಲೀನ್. "ನಂಗೆ ನಾನೇ ಬಂದಿದ್ದೆ. ಹೇಳಲಿಲ್ಲ. ಹೋದ ವರ್ಷದ ಥರ ಇನ್ನೊಂದು ಮಗ್ಗು ಬೇಡ ಅನ್ನಿಸ್ತು."

ಯಾರೂ ನಗಲಿಲ್ಲ. ನಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಗ್ಲೆನಿಸ್ ಪಾವ್ಲೋವದಿಂದ ಕಿರೀಟ ಎತ್ತುವುದರಲ್ಲಿ ಮುಳುಗಿದಳು. ಮರ್ವ್ ಕಪ್ಪನ್ನು ಸಾಸರಿನ ಮೇಲೆ ಸದ್ದಾಗದಂತೆ ಇಟ್ಟ. ಕಿವಿ ಕೆಂಪಗಾಗಿತ್ತು.

"ಆ ಮಗ್ಗು ನಾನು ಕೊಟ್ಟಿದ್ದು," ಎಂದ.

"ಮರ್ವ್, ಕಟ್ಟಳೆ!" ಎಂದಳು ಗ್ಲೆನಿಸ್, ಹಳೇ ರೂಢಿಗೆ.

"ಹಾಳಾಗ್ಲಿ ಬಿಡು ಕಟ್ಟಳೆ. ಭಾನುವಾರದ ಸಂತೇಲಿ ಒಬ್ಬಳು ಮಾಡ್ತಾಳೆ, ಹೆಸರು ಹೇಳಿದ್ರೆ ಬರೆದು ಸುಟ್ಟು ಕೊಡ್ತಾಳೆ. ಪ್ರತಿ ವರ್ಷ ಇವಳಿಗೆ ಆ ಸ್ನಾನದ ನೀರಿಗೆ ಹಾಕೋ ಘಮಘಮ ಉಪ್ಪೇ ಬರ್ತಿತ್ತು, ಮೂತಿ ಇಳಿಬಿಟ್ಕೊಂಡು ತಗೊಂಡ್ ಹೋಗ್ತಿದ್ಲು. ಇವಳದ್ದೇ ಅಂತ ಏನಾದ್ರೂ ಇರ್ಲಿ ಅಂದ್ಕೊಂಡೆ. ಕೊಕ್ಕೆ ಮೇಲೆ ಹಾಕಿದ್ಲಲ್ಲ, ಇಷ್ಟ ಆಯ್ತು ಅಂದ್ಕೊಂಡೆ ಕಣ್ರೋ." ಅವನು ನೋಲೀನ್‌ಳ ಕಡೆ ನೋಡಲಿಲ್ಲ, ಕಪ್ಪಿಗೇ ಹೇಳಿದ. "ನಂಗೆ ಯಾರೂ ಅಡ್ಡಹೆಸರೇ ಇಡಲಿಲ್ಲ ನೋಡು. ಇಟ್ಟಿದ್ರೆ ಚೆನ್ನಾಗಿರ್ತಿತ್ತು ಅಂತ ನಂಗೆ."

ನೋಲೀನ್ ಎದ್ದಳು. ಎಲ್ಲಿಗೆ ಹೋಗುತ್ತಿದ್ದೇನೆಂದು ಅವಳಿಗೂ ಸ್ಪಷ್ಟವಿರಲಿಲ್ಲ. ಬಾಗಿಲ ಕಡೆಗಿರಬೇಕು ಎಂದುಕೊಂಡಳು, ಆದರೆ ಕಾಲು ಗೋಡೆಯ ಕಡೆ ಹೋಯಿತು. ಹಳದಿ ಮಗ್ಗನ್ನು ಕೊಕ್ಕೆಯಿಂದ ತೆಗೆದಳು. ಒಂದು ವರ್ಷದ ಧೂಳು ಒಳಗಿತ್ತು. ನಲ್ಲಿಯಡಿ ತೊಳೆದು, ಲಂಗಕ್ಕೆ ಒರೆಸಿ, ಮೇಜಿನ ಮೇಲೆ ಮರ್ವ್‌ನ ಮುಂದೆ ಇಟ್ಟಳು. ಬೇಕಾದಷ್ಟು ದಪ್ಪ, ಅವನ ಬೆರಳಿಗೆ ಬೇಕಾದಷ್ಟು ಅಗಲವಾದ ಹಿಡಿ.

"ತಗೋ. ಮರಿಸೆಲ್ ಹೇಳಿದ್ದೇ ಸರಿ. ಇದು ನಿನ್ನ ಹೆಸರು."

ಮರ್ವ್ ಮಗ್ಗನ್ನು ತಿರುಗಿಸಿ ತಿರುಗಿಸಿ ನೋಡಿದ. "ಮತ್ತೆ ನೀನು?"

"ನಂಗೆ ನಂದು ಕೊಡು."

ಅವನು ಗುಲಾಬಿಯ ಕಪ್ಪನ್ನು ಎರಡೂ ಕೈಯಲ್ಲಿ ಎತ್ತಿ ಅವಳಿಗೆ ಕೊಟ್ಟ. ಆಮೇಲೆ ಫ್ಲಾಸ್ಕು ಬಗ್ಗಿಸಿ ಮೊದಲು ಅವಳ ಕಪ್ಪಿಗೆ ಟೀ ಸುರಿದು, ಉಳಿದದ್ದನ್ನು ತನ್ನ ಮಗ್ಗಿಗೆ ಹಾಕಿಕೊಂಡ. ಕಪ್ಪು ಎರಡು ಗುಟುಕಿಗೇ ಮುಗಿಯುವಷ್ಟಿತ್ತು, ಟೀ ಫ್ಲಾಸ್ಕಿನ ವಾಸನೆ ಹೊಡೆಯುತ್ತಿತ್ತು. "ಚೆನ್ನಾಗಿದೆಯಾ?" ಎಂದ ಮರ್ವ್. "ಅಷ್ಟಕ್ಕಷ್ಟೇ," ಎಂದಳು ನೋಲೀನ್, ಮತ್ತು ಈಗ ಎಲ್ಲರೂ ನಕ್ಕರು. 'ಸ್ಮೈಲಿ' ಎಂದು ಬಂದಿದ್ದ ಪೊಟ್ಟಣವನ್ನು ಅವಳು ಸಂಜೆ ಮನೆಯಲ್ಲಿ ಬಿಚ್ಚಿದಳು. ಸ್ನಾನದ ಉಪ್ಪು.

ಜನವರಿಯಲ್ಲಿ ಆಫೀಸು ಮತ್ತೆ ತೆರೆಯಿತು. ತೋಟಗಳಲ್ಲಿ ದ್ರಾಕ್ಷಿ ಹಣ್ಣಾಗುತ್ತಿತ್ತು, ಪೆಟ್ಟಿಗೆಗಳು ಬಂದು ರಾಶಿ ಬಿದ್ದಿದ್ದವು. ಮರ್ವ್‌ಗೆ ಮೊದಲ ದಿನದಿಂದಲೇ ಹೊಸ ಹೆಸರು ಹತ್ತಿತು. ಎಷ್ಟು ಸಲೀಸಾಗಿ ಹತ್ತಿತೆಂದರೆ ಅವನಿಗೇ ಮೊದಲಿನಿಂದ ಇತ್ತೇನೋ ಎಂಬಂತೆ. ಕೊಕ್ಕೆಯಲ್ಲಿ ಹಳದಿ ಮಗ್ಗು ದಿನಾ ಒದ್ದೆಯಾಗಿ ತೂಗುತ್ತಿತ್ತು. ನೋಲೀನ್ ಗುಲಾಬಿಯ ಕಪ್ಪನ್ನು ತನ್ನ ಮೇಜಿನ ಮೇಲೆಯೇ ಇಟ್ಟುಕೊಂಡಿದ್ದಳು, ಯಾರೂ ಮುಟ್ಟುತ್ತಿರಲಿಲ್ಲ. ಅವಳನ್ನು ಎಲ್ಲರೂ ನೋಲೀನ್ ಎಂದೇ ಕರೆಯುತ್ತಿದ್ದರು, ಸ್ವಲ್ಪ ಎಚ್ಚರಿಕೆಯಿಂದ, ಹೊಸಬಳನ್ನು ಕರೆಯುವ ಹಾಗೆ. ಬೇಕಾಗಿದ್ದದ್ದು ಅದೇ. ಒಂದು ಬೆಳಗ್ಗೆ ಅಡಿಲೇಡಿನ ವಿಳಾಸವೊಂದನ್ನು ಬಲಗೈಯಲ್ಲಿ ಬರೆಯುತ್ತಿದ್ದಾಗ ಗೋದಾಮಿನ ಕಡೆಯಿಂದ ಕ್ಲಿಫ್‌ನ ಕೂಗು ಬಂತು.

"ಸ್ಮೈಲೀ, ಫೋನ್!"

ಅವಳು ಪೆನ್ನು ಇಟ್ಟು ಎದ್ದು ನಿಂತಿದ್ದಳು. ಆಚೆ ಫೋರ್ಕ್‌ಲಿಫ್ಟ್ ನಿಂತ ಸದ್ದು ಕೇಳಿತು, ಹಾಡು ನಿಂತಿತು. "ಬಂದೇ!" ಎಂದು ಮರ್ವ್ ಖುಷಿಯಿಂದ ಓಡಿದ. ನೋಲೀನ್ ಇನ್ನೂ ಸ್ವಲ್ಪ ಹೊತ್ತು ನಿಂತೇ ಇದ್ದಳು, ಯಾರಾದರೂ ನೋಡಿದರೇನೋ ಎಂದು ಸುತ್ತ ನೋಡಿ, ಕೂತು, ಅರ್ಧ ಬರೆದಿದ್ದ ವಿಳಾಸವನ್ನು ಮುಂದುವರಿಸಿದಳು.